ಮೊದಲು ಲೆಕ್ಕ, ಆಮೇಲೆ ಅಂಗಡಿ

ಸೈಕಲ್ ಮೇಲೆ ದೇಶ ದಾಟುತ್ತೇನೆ ಎಂದು ಯಾರಾದರೂ ಬಾಯಿಬಿಟ್ಟರೆ ಅವರಿಗೆ ಸಿಗುವ ಮೊದಲ ಸಲಹೆ, ಸೈಕಲ್ ಬದಲಿಸಿ ಎಂಬುದು. ನಾವಿರುವ ಕಲಬುರಗಿಯ ಖೂಬಾ ಪ್ಲಾಟಿನಲ್ಲೂ ಇದೇ ಮಾತು. ಕಾಲೇಜು ಹುಡುಗನೊಬ್ಬ ಮನೆಯ ಕರಿ ಸೈಕಲ್ ತೋರಿಸಿ "ಕಾಕಾ, ಇದರ ಮ್ಯಾಲ ಕನ್ಯಾಕುಮಾರಿಗಿ ಹೋಗಲಿಕ್ಕಿ ಆಗ್ತದೇನ್ರಿ?" ಎಂದರೆ ಸುತ್ತಲಿನವರು ನಗುತ್ತಾರೆ. "ಮೊದಲ ಒಂದ್ ಛಲೋ ಗಾಡಿ ತಗೋ ತಮ್ಮಾ, ಕನ್ಯಾಕುಮಾರಿ ಎಲ್ಲಿ ಓಡಿ ಹೋಗ್ತದ?" ಆ ಛಲೋ ಗಾಡಿ ಐವತ್ತು ಸಾವಿರದಿಂದ ಶುರುವಾಗಿ ಲಕ್ಷದ ಮೇಲೆ ನಿಲ್ಲುತ್ತದೆ. ಅದರ ಹಿಂದೆಯೇ ಮೈಗಂಟುವ ಅಂಗಿ, ದಿಂಬಿನ ಚಡ್ಡಿ, ಕಾಲಿಗೆ ಕಚ್ಚಿಕೊಳ್ಳುವ ಬೂಟು, ಕೈಗಡಿಯಾರ, ಜೆಲ್ ಪೊಟ್ಟಣ, ಹಿಂದೆ ಬರಲು ಒಂದು ಕಾರು, ಆ ಕಾರಿಗೆ ಪ್ರಾಯೋಜಕರು, ಪ್ರಾಯೋಜಕರಿಗಾಗಿ ಒಂದು ಘೋಷವಾಕ್ಯ. ಪಟ್ಟಿ ಮುಗಿಯುವ ಹೊತ್ತಿಗೆ ಹುಡುಗನಿಗೆ ನೌಕರಿ ಸಿಕ್ಕಿರುತ್ತದೆ, ಮದುವೆಯಾಗಿರುತ್ತದೆ, ಆಸೆ ಸತ್ತಿರುತ್ತದೆ.

ಈ ಪಟ್ಟಿಗೆ ನಾವು ಯೋಜನೆ ಎಂಬ ದೊಡ್ಡ ಹೆಸರಿಟ್ಟಿದ್ದೇವೆ. ಹೆಣ್ಣು ನೋಡುವ ಮೊದಲೇ ಜವಳಿ ಅಂಗಡಿಗೆ ನುಗ್ಗಿದ ಹಾಗೆ. ದೂರದ ಪ್ರಯಾಣಕ್ಕೆ ಯೋಜನೆ ಬೇಕು, ಅದರಲ್ಲಿ ತಕರಾರಿಲ್ಲ. ಮನಸ್ಸು ಬಂದ ಕಡೆ ಪೈಡಲ್ ತುಳಿದು ಹೊರಡು ಎನ್ನುವ ವೀರರ ಪಕ್ಷ ನನ್ನದಲ್ಲ. ಆದರೆ ಯೋಜನೆಯ ಜೀವ ಇರುವುದು ಕಾಲ, ಗಾಳಿ, ನೀರು, ವಸ್ತಿ, ರಜೆ ಎಂಬ ಐದು ಲೆಕ್ಕಗಳಲ್ಲಿ. ಇವುಗಳಲ್ಲಿ ಒಂದೂ ಅಂಗಡಿಯಲ್ಲಿ ಸಿಗುವುದಿಲ್ಲ. ಈ ಐದನ್ನೂ ಬಿಟ್ಟು ಸಾಮಾನು ಹೊಂದಿಸುವುದನ್ನೇ ತಯಾರಿ ಎಂದು ನಂಬಿಸಿದ್ದರಿಂದ, ದಿನಾ ಸೈಕಲ್ ತುಳಿಯುವ ಜನರೇ ದೂರದ ಸೈಕಲ್ ಪ್ರಯಾಣದಿಂದ ಹೊರಗುಳಿದಿದ್ದಾರೆ.

ಹಗುರ ಸೈಕಲ್ಲಿನ ವಾದವನ್ನೇ ಮೊದಲು ತೂಗೋಣ. ಸವಾರ ಅರವತ್ತು ಕಿಲೋ, ಸಾಮಾನು ಹತ್ತು, ಕರಿ ಸೈಕಲ್ ಇಪ್ಪತ್ತು ಎಂದಿಟ್ಟುಕೊಳ್ಳಿ. ಒಟ್ಟು ತೊಂಬತ್ತು. ದುಬಾರಿ ಸೈಕಲ್ ಹನ್ನೆರಡು ಕಿಲೋ ತೂಗಿದರೆ ಒಟ್ಟು ಎಂಬತ್ತೆರಡು. ಏರಿನಲ್ಲಿ ಉಳಿಯುವ ಶ್ರಮ ನೂರಕ್ಕೆ ಒಂಬತ್ತು ಪಾಲು. ಒಂದು ತಾಸಿನ ಏರಿನಲ್ಲಿ ಐದು ನಿಮಿಷ. ಸಪಾಟು ರಸ್ತೆಯಲ್ಲಿ ಉಳಿತಾಯ ಅದರ ಅರ್ಧವೂ ಇಲ್ಲ, ಯಾಕೆಂದರೆ ಅಲ್ಲಿ ತಡೆಯುವುದು ತೂಕಕ್ಕಿಂತ ಹೆಚ್ಚಾಗಿ ಗಾಳಿ ಮತ್ತು ಟಾಯರಿನ ಉಜ್ಜಾಟ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ತಾಸಿಗೆ ಮೂವತ್ತೈದು ಕಿ.ಮೀ. ಓಡುವ ಸ್ಪರ್ಧಾಳುವಿಗೆ ಬಾಗಿದ ಹ್ಯಾಂಡಲ್, ಮೈಗಂಟುವ ಅಂಗಿ ಬೇಕಾಗುವುದು ಇದಕ್ಕೇ. ತಾಸಿಗೆ ಹದಿನಾರು ಕಿ.ಮೀ. ಹೋಗುವ ಪ್ರವಾಸಿ ಅದೇ ಅಂಗಿಗೆ ಹಣ ಸುರಿದರೆ ಗಾಳಿಗೆ ಗೊತ್ತಾಗುವುದಿಲ್ಲ, ಜೇಬಿಗೆ ಮಾತ್ರ ಗೊತ್ತಾಗುತ್ತದೆ. ಹವಾ ಗಟ್ಟಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು, ಚಕ್ರದ ಔಟ್ ತೆಗೆಸಿದರೆ ಸಿಗುವ ಲಾಭ ಇದಕ್ಕಿಂತ ಕಣ್ಣಿಗೆ ಕಾಣುವಂಥದ್ದು.

ಆ ಹದಿನಾರು ಎಲ್ಲಿಂದ ಬಂತು? ಕರಿ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ ನಲವತ್ತನಾಲ್ಕು ಹಲ್ಲು, ಹಿಂದಿನ ಫ್ರೀವೀಲಿಗೆ ಹದಿನೆಂಟು ಇದ್ದರೆ, ಒಂದು ಸುತ್ತು ತುಳಿದಾಗ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಐವತ್ತು ಸುತ್ತು ತುಳಿದರೆ ತಾಸಿಗೆ ಹದಿನಾರು ಕಿ.ಮೀ. ಐದು ತಾಸಿಗೆ ಎಂಬತ್ತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬೆಳಗ್ಗೆ ಊರೂರು ತಿರುಗುವವರ ಸಾಮಾನ್ಯ ವೇಗ ಇದಕ್ಕೆ ಬಹಳ ದೂರವಿಲ್ಲ.

ಎರಡನೆಯ ವಾದ: ದುಬಾರಿ ಸೈಕಲ್ ಕೆಡುವುದಿಲ್ಲ. ಕೆಡುತ್ತದೆ. ನಮ್ಮ ರಸ್ತೆಬದಿಯ ಬಳ್ಳಾರಿ ಜಾಲಿಯ ಮುಳ್ಳಿಗೆ ಟಾಯರಿನ ಬೆಲೆ ಕೇಳುವ ಪದ್ಧತಿ ಇಲ್ಲ. ಕೆಟ್ಟಾಗ ಏನು ಎಂಬುದು ಪ್ರಶ್ನೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಪನೂರ, ಕುರಿಕೋಟಾ, ಮಹಾಗಾಂವ ಕ್ರಾಸ್, ಕಮಲಾಪುರ. ಈ ದಾರಿಯಲ್ಲಿ ಕರಿ ಸೈಕಲ್ಲಿನ ಟ್ಯೂಬು, ಕಡ್ಡಿ, ಛರ್ರಾ, ಕಾಟರ್ ಪಿನ್ ಕೇಳಿ ನೋಡಿ, ಒಂದಲ್ಲ ಒಂದು ಕಡೆ ಸಿಗುತ್ತವೆ. ಕೂದಲೆಳೆಯಂಥ ವಾಲ್ವಿನ ವಿದೇಶಿ ಅಳತೆಯ ಟ್ಯೂಬು, ಎಣ್ಣೆಯ ಮೇಲೆ ನಡೆಯುವ ಡಿಸ್ಕ್ ಬ್ರೇಕಿನ ಬಿಡಿಭಾಗ, ಹನ್ನೊಂದು ಗೇರಿನ ಚೈನು ಕೇಳಿ. ಮಿಸ್ತ್ರಿ ನಿಮ್ಮ ಮುಖ ನೋಡುತ್ತಾನೆ. ಅವು ಬೇಕಾದರೆ ಹೈದರಾಬಾದು, ಇಲ್ಲವೇ ಕೊರಿಯರ್. ಯಾವ ಸೈಕಲ್ ದೂರಕ್ಕೆ ಯೋಗ್ಯ ಎಂಬುದನ್ನು ಕಂಪನಿಯ ಪುಸ್ತಿಕೆಗಿಂತ ಮಹಾಗಾಂವ ಕ್ರಾಸಿನ ಮಿಸ್ತ್ರಿಯ ಡಬ್ಬಿ ಸರಿಯಾಗಿ ಹೇಳುತ್ತದೆ.

ಇತಿಹಾಸವೂ ಈ ಡಬ್ಬಿಯ ಪರವಾಗಿಯೇ ಇದೆ. 1923ರ ಅಕ್ಟೋಬರ್ 15ರಂದು ಮುಂಬೈಯಿಂದ ಆರು ಪಾರ್ಸಿ ತರುಣರು ಸೈಕಲ್ ಮೇಲೆ ಭೂಮಿ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು 1928ರ ಮಾರ್ಚ್‌ನಲ್ಲಿ, ಸುಮಾರು ಎಪ್ಪತ್ತೊಂದು ಸಾವಿರ ಕಿ.ಮೀ. ಮುಗಿಸಿ ತಿರುಗಿ ಬಂದರು. ಆ ಕಾಲದಲ್ಲಿ ಕಾರ್ಬನ್ ಸೈಕಲ್ಲೂ ಇರಲಿಲ್ಲ, ಹಿಂದೆ ಕಾರೂ ಇರಲಿಲ್ಲ. 1962ರಲ್ಲಿ ಜರ್ಮನಿಯಿಂದ ಹೊರಟ ಹೈಂಜ್ ಸ್ಟೂಕೆ ಮೂರೇ ಗೇರಿನ, ಇಪ್ಪತ್ತೈದು ಕಿಲೋ ಆಸುಪಾಸಿನ ಉಕ್ಕಿನ ಸೈಕಲ್ ಮೇಲೆ ದಶಕಗಟ್ಟಲೆ ಜಗತ್ತು ಅಲೆದರು. ಇವರಿಗಿಂತ ಹೆಚ್ಚು ಪಾಠ ಹೇಳುವವರು ಐರ್ಲೆಂಡಿನ ಡರ್ವ್ಲಾ ಮರ್ಫಿ. 1963ರಲ್ಲಿ ಒಬ್ಬರೇ ಸೈಕಲ್ ಮೇಲೆ ಭಾರತಕ್ಕೆ ಬಂದ ಈ ಹೆಂಗಸು ಹೊರಡುವ ಮೊದಲು ಮಾಡಿದ ಕೆಲಸವೆಂದರೆ ಸೈಕಲ್ಲಿನ ಗೇರು ಬಿಚ್ಚಿಸಿದ್ದು. ಮುಂದಿನ ರಸ್ತೆಗಳಲ್ಲಿ ಅದು ಬಾಳುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಇನ್ನೊಂದು ಕೆಲಸ, ದಾರಿಯಲ್ಲಿ ಬರುವ ಊರುಗಳಿಗೆ ಟಾಯರುಗಳನ್ನು ಮುಂಚಿತವಾಗಿ ಅಂಚೆಯಲ್ಲಿ ಕಳಿಸಿದ್ದು. ಬೇಡದ್ದನ್ನು ಕಳಚಿ, ಬೇಕಾದ್ದನ್ನು ಬೇಕಾದ ಜಾಗಕ್ಕೆ ಮುಟ್ಟಿಸುವುದಕ್ಕೆ ನಾನು ಯೋಜನೆ ಎನ್ನುತ್ತೇನೆ.

ಹೊರದೇಶದವರ ಕಥೆ ನಮಗೇಕೆ ಎನ್ನುವವರು ಯುಗಾದಿಯ ಮುಂಚಿನ ವಾರಗಳಲ್ಲಿ ನಮ್ಮದೇ ರಸ್ತೆಗಳನ್ನು ನೋಡಲಿ. ಉತ್ತರ ಕರ್ನಾಟಕದ ಊರೂರುಗಳಿಂದ ಜನ ಮಲ್ಲಯ್ಯನ ಕಂಬಿ ಹೊತ್ತು ನೂರಾರು ಕಿಲೋಮೀಟರ್ ದೂರದ ಶ್ರೀಶೈಲಕ್ಕೆ ನಡೆಯುತ್ತಾರೆ. ಆಷಾಢ ಏಕಾದಶಿಗೆ ಪಂಢರಪುರದ ದಿಂಡಿಗಳು ಹೊರಡುತ್ತವೆ. ಇವರಲ್ಲಿ ಹೆಚ್ಚಿನವರು ಒಕ್ಕಲಿಗರು, ಕೂಲಿಯವರು, ವಯಸ್ಸಾದ ತಾಯಂದಿರು. ಸುಮ್ಮನೆ ಭಕ್ತಿಯ ಬಲದಿಂದ ಇವರು ಮುಟ್ಟುತ್ತಾರೆ ಎಂದುಕೊಂಡರೆ ಅವರ ಬುದ್ಧಿಗೆ ಅವಮಾನ. ತಿಥಿಯಿಂದ ಹಿಂದಕ್ಕೆ ಎಣಿಸಿ ಹೊರಡುವ ದಿನ ಗೊತ್ತು ಮಾಡುತ್ತಾರೆ. ಯಾವ ಊರಲ್ಲಿ ವಸ್ತಿ, ಯಾವ ಊರಲ್ಲಿ ದಾಸೋಹ, ಎಲ್ಲಿ ಮಜ್ಜಿಗೆ, ಎಲ್ಲಿ ಕಾಲಿಗೆ ಬಿಸಿನೀರು ಎಂಬುದು ಹಿಂದಿನ ವರ್ಷ ಹೋದವರ ನಾಲಿಗೆಯ ಮೇಲಿರುತ್ತದೆ. ಬಿಸಿಲೇರಿದಾಗ ಮರದಡಿ ಮಲಗುತ್ತಾರೆ, ತಂಪಿನಲ್ಲಿ ನಡೆಯುತ್ತಾರೆ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಇಷ್ಟು ದೊಡ್ಡ ಜನಸಮೂಹವನ್ನು ದಡ ಮುಟ್ಟಿಸುವ ಈ ಲೆಕ್ಕಾಚಾರ ನಮ್ಮ ಕಣ್ಣ ಮುಂದೆಯೇ ಇರುವಾಗ, ದೂರ ಹೋಗುವುದು ಹೇಗೆಂದು ಕಲಿಯಲು ಮಹಾನಗರದ ಅಂಗಡಿಯವನ ಮುಂದೆ ಕೈಕಟ್ಟಿ ನಿಲ್ಲುತ್ತೇವೆ.

ಈಗ ಆ ಐದು ಲೆಕ್ಕಗಳಿಗೆ ಬರುತ್ತೇನೆ. ಎಲ್ಲರ ಬಾಯಲ್ಲಿರುವ ಕಾಶ್ಮೀರ–ಕನ್ಯಾಕುಮಾರಿಯನ್ನೇ ತೆಗೆದುಕೊಳ್ಳಿ. ಮೂರೂವರೆ ಸಾವಿರ ಕಿ.ಮೀ. ಮೀರಿದ ದಾರಿ. 3,700 ಎಂದೇ ಹಿಡಿದು ದಿನಕ್ಕೆ ಎಂಬತ್ತರಂತೆ ಭಾಗಿಸಿದರೆ ನಲವತ್ತಾರು ದಿನ. ವಾರಕ್ಕೊಂದು ಬಿಡುವು ಸೇರಿದರೆ ಐವತ್ತನಾಲ್ಕು. ಹಿಮ ಬೀಳುವ ಮೊದಲು ಶ್ರೀನಗರ ಬಿಡಬೇಕೆಂದು ಅಕ್ಟೋಬರ್ ಒಂದಕ್ಕೆ ಹೊರಟರೆ, ನವೆಂಬರ್ ನಡುವಿನಲ್ಲಿ ತಮಿಳುನಾಡು ಹೊಗುತ್ತೀರಿ. ಅದು ಅಲ್ಲಿ ಹಿಂಗಾರಿನ ಭರಾಟೆಯ ಕಾಲ. ಲಕ್ಷ ರೂಪಾಯಿಯ ಸೈಕಲ್ ಕೊಂಡವನಿಗೂ ಆ ಮಳೆ ತಪ್ಪುವುದಿಲ್ಲ. ಹತ್ತು ದಿನ ಮುಂಚೆ ಹೊರಡುವುದೋ, ಕೊನೆಯ ವಾರದಲ್ಲಿ ಮಳೆಗೆ ನಿಲ್ಲಲು ನಾಲ್ಕು ದಿನ ಕೈಯಲ್ಲಿಟ್ಟುಕೊಳ್ಳುವುದೋ ಎಂಬುದನ್ನು ಕೂತು ಯೋಚಿಸಿದವನು ತಯಾರಿ ಮಾಡಿಕೊಂಡ. ಮಳೆಯಂಗಿಯ ಬ್ರಾಂಡ್ ಹುಡುಕುತ್ತ ಕೂತವನು ತಿಂಗಳು ಕಳೆದ.

ದೇಶ ದಾಟಲು ಕಾಶ್ಮೀರದಿಂದಲೇ ಏಕೆ ಹೊರಡಬೇಕು ಎಂಬುದನ್ನೂ ಕೇಳಬೇಕು. ಎರಡು ತುದಿಗಳ ಹೆಸರು ಪತ್ರಿಕೆಯ ಶೀರ್ಷಿಕೆಗೆ ಚೆನ್ನಾಗಿ ಹೊಂದುತ್ತದೆ, ಹಾರ ಹಾಕುವವರಿಗೆ ಅನುಕೂಲ. ಆದರೆ ದುಡಿಯುವವನಿಗೆ ಐವತ್ತನಾಲ್ಕು ದಿನದ ರಜೆ ಕೊಡುವವರು ಯಾರು? ಸೈಕಲ್ಲಿಗಿಂತ ದುರ್ಲಭವಾದದ್ದು ರಜೆ. ಹಾಗಾದರೆ ದೇಶವನ್ನು ಅಡ್ಡಲಾಗಿ ದಾಟಿ. ಮಚಲಿಪಟ್ಟಣದ ಕಡಲಿನಿಂದ ವಿಜಯವಾಡ, ಕೋದಾಡ, ಸೂರ್ಯಾಪೇಟೆ, ಹೈದರಾಬಾದ್, ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್, ಕಮಲಾಪುರ, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕಾರವಾರ. ಕಡಲಿನಿಂದ ಕಡಲಿಗೆ ಸುಮಾರು 1,100 ಕಿ.ಮೀ. ಅದೇ ಎಂಬತ್ತರ ಲೆಕ್ಕದಲ್ಲಿ ಹದಿನಾಲ್ಕು ದಿನ, ಬಿಡುವು ಸೇರಿ ಹದಿನಾರು. ಜನವರಿಯಲ್ಲಿ ದಖ್ಖನಿನ ಮೇಲೆ ಗಾಳಿ ಈಶಾನ್ಯದ ಕಡೆಯಿಂದ ಬೀಸುತ್ತದೆ. ಆದ್ದರಿಂದ ಪೂರ್ವದಲ್ಲಿ ಶುರು ಮಾಡಿ ಪಶ್ಚಿಮಕ್ಕೆ ಬರಬೇಕು, ಗಾಳಿ ಬೆನ್ನಿಗಿರುತ್ತದೆ. ಕಡಲಮಟ್ಟದಿಂದ ಹೈದರಾಬಾದಿನ ಐನೂರು ಮೀಟರ್ ಎತ್ತರಕ್ಕೆ ಏರುವುದು ಮುನ್ನೂರಕ್ಕೂ ಹೆಚ್ಚು ಕಿ.ಮೀ.ಗಳಲ್ಲಿ ಹರಡಿಕೊಂಡಿದೆ, ಕಾಲಿಗೆ ಅರಿವಾಗುವುದೇ ಕಡಿಮೆ. ಕಡಿದಾದ ಅರಬೈಲು ಘಟ್ಟ ಕೊನೆಯಲ್ಲಿ ಬರುತ್ತದೆ, ಅದೂ ಇಳಿಜಾರಾಗಿ. ಇದೇ ದಾರಿಯನ್ನು ಇದೇ ತಿಂಗಳಲ್ಲಿ ತಿರುವಿ ಹಾಕಿ ಹೋದವನು ಮೊದಲ ವಾರವೇ ಘಟ್ಟ ಹತ್ತಿ, ಮುಂದೆಲ್ಲ ಎದುರುಗಾಳಿಗೆ ಎದೆಕೊಟ್ಟು ಸಾಯುತ್ತಾನೆ. ದಿಕ್ಕು ಆರಿಸಲು ಎಷ್ಟು ಹಣ ಬೇಕು? ಹೊರಡುವ ಜಾಗದ ಹತ್ತಿರ ಮುಟ್ಟಲು ಕಲಬುರಗಿಯಿಂದ ಕೋನಾರ್ಕ್ ಎಕ್ಸ್‌ಪ್ರೆಸ್ ವಿಜಯವಾಡಕ್ಕೆ ಹೋಗುತ್ತದೆ. ಸೈಕಲನ್ನು ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿದರಾಯಿತು.

ಈ ದಾರಿಗೆ ಕಲಬುರಗಿಯ ಹುಡುಗನ ಬಳಿ ಇರುವ ಇನ್ನೊಂದು ಆಸ್ತಿಯನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಸಂತೆಯಲ್ಲಿ ಒಂದಿಷ್ಟು ತೆಲುಗು, ಮರಾಠಿ ಕೇಳಿಯೇ ಬೆಳೆದವನು ಅವನು. ಹದಿನಾರು ದಿನದಲ್ಲಿ ಒಂದು ದಿನವೂ ಅವನಿಗೆ ಮಾತಿನ ತೊಂದರೆ ಆಗುವುದಿಲ್ಲ. ರಾತ್ರಿ ತಂಗಲು ಜಾಗ ಕೇಳುವವನಿಗೆ ಇದಕ್ಕಿಂತ ದೊಡ್ಡ ಸಾಮಾನು ಯಾವುದಿದೆ?

ದಿನದ ಲೆಕ್ಕಕ್ಕೂ ಇದೇ ನ್ಯಾಯ. ನಮ್ಮಲ್ಲಿ ಮೇ ತಿಂಗಳು ನಲವತ್ತೆರಡು ಡಿಗ್ರಿ ದಾಟುತ್ತದೆ. ಆಗ ಯಾವ ಹೆಲ್ಮೆಟ್ಟೂ ಕಾಯುವುದಿಲ್ಲ, ಮನೆಯಲ್ಲಿರುವುದೇ ಯೋಜನೆ. ನವೆಂಬರಿನಿಂದ ಜನವರಿ ಹಿತವಾದ ಕಾಲ. ಆದರೆ ಅದೇ ತಿಂಗಳಲ್ಲಿ ಕಬ್ಬು ನುರಿಸುವ ಹಂಗಾಮೂ ನಡೆದಿರುತ್ತದೆ. ಎರಡೆರಡು ಟ್ರೇಲರ್ ಕಟ್ಟಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ರಸ್ತೆಯ ಮುಕ್ಕಾಲು ಆಕ್ರಮಿಸಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಂಜೆಯ ನಂತರ ಈ ಭಾಗದ ರಸ್ತೆಗಳ ದೊಡ್ಡ ಅಪಾಯ. ಇದಕ್ಕೆ ಉತ್ತರ ಹತ್ತು ಸಾವಿರದ ಲೈಟು ಅಲ್ಲ. ಕತ್ತಲಾದ ಮೇಲೆ ರಸ್ತೆಯಲ್ಲಿ ಇರದಿರುವುದು. ಜನವರಿಯಲ್ಲಿ ಹಗಲು ಹನ್ನೊಂದು ತಾಸು. ಎಂಬತ್ತು ಕಿ.ಮೀ.ಗೆ ಬೇಕಾದದ್ದು ಐದು. ಬೆಳಗ್ಗೆ ಮೂರು, ಮಧ್ಯಾಹ್ನ ಮೂರರ ಮೇಲೆ ಎರಡು. ನಡುವೆ ಉಂಡು ಮಲಗಿದರೂ ಹಗಲು ಮಿಗುತ್ತದೆ.

ಊಟದಲ್ಲಂತೂ ಅಂಗಡಿಯ ವಾದ ಪೂರ್ತಿ ನೆಲಕಚ್ಚುತ್ತದೆ. ಎಂಬತ್ತು ಕಿ.ಮೀ. ತುಳಿಯಲು ಹೆಚ್ಚುವರಿಯಾಗಿ ಸುಮಾರು ಎರಡು ಸಾವಿರ ಕ್ಯಾಲರಿ ಬೇಕು. ಒಂದು ಜೆಲ್ ಪೊಟ್ಟಣದಲ್ಲಿರುವುದು ನೂರು ಆಸುಪಾಸು. ಇಪ್ಪತ್ತು ಪೊಟ್ಟಣ ಹೀರಬೇಕು. ಮುನ್ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸಾವಿರಕ್ಕೂ ಮೇಲೆ, ನೂರೈವತ್ತು ಗ್ರಾಂ ಶೇಂಗಾದಲ್ಲಿ ಎಂಟುನೂರಕ್ಕೂ ಮೇಲೆ ಕ್ಯಾಲರಿ ಇದೆ. ಅಂದರೆ ಐದಾರು ಖಡಕ್ ರೊಟ್ಟಿ, ಮೂರ್ನಾಲ್ಕು ಮುಷ್ಟಿ ಶೇಂಗಾ, ಹಿಂಡಿ, ಮೇಲೊಂದು ಬಾಳೆಹಣ್ಣು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಾಳೆಹಣ್ಣು ಕಮಲಾಪುರದ ಜಿಐ ಟ್ಯಾಗ್ ಪಡೆದ ಕೆಂಪು ಬಾಳೆಯೇ ಆದರೆ ಇನ್ನೂ ಒಳ್ಳೆಯದು. ಬೆವರಿಗೆ ಔಷಧವೂ ಅಡುಗೆಮನೆಯಲ್ಲಿದೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನೀರಿನ ಬಾಟಲಿ ಎಲ್ಲಿ ತುಂಬಿಸಿಕೊಳ್ಳುವುದು ಎಂದು ನಕ್ಷೆಯ ಮೇಲೆ ಗುರುತು ಹಾಕಿದ್ದೀರಾ ಎಂಬುದೇ ಉಳಿಯುವ ಪ್ರಶ್ನೆ.

ವಿರೋಧಿಗಳ ಬಳಿ ಸುಳ್ಳಲ್ಲದ ವಾದಗಳೂ ಇವೆ. ಕರಿ ಸೈಕಲ್ಲಿನ ಸಲಾಕೆ ಬ್ರೇಕು ಇಳಿಜಾರಿಗೆ, ಮಳೆಗೆ ಆಗುವುದಿಲ್ಲ ಎನ್ನುತ್ತಾರೆ. ನಿಜ. ಕೇಬಲ್ ಬ್ರೇಕು ಹಾಕಿಸಿ. ಅದನ್ನು ಹಾಕದೆ ಅರಬೈಲು ಇಳಿಯುವವನು ಹುಂಬ. ಒಂದೇ ಗೇರು ಮಂಡಿ ಹಾಳು ಮಾಡುತ್ತದೆ ಎನ್ನುತ್ತಾರೆ. ಹದಿನೆಂಟರ ಬದಲು ಇಪ್ಪತ್ತೆರಡು ಹಲ್ಲಿನ ಫ್ರೀವೀಲ್ ಹಾಕಿಸಿದರೆ ಏರು ಹಗುರಾಗುತ್ತದೆ. ಅದಕ್ಕೂ ಏರದ ದಿಬ್ಬದಲ್ಲಿ ಇಳಿದು ತಳ್ಳಿದರೆ ಯಾರ ಮಾನವೂ ಹೋಗುವುದಿಲ್ಲ. ಮಂಡಿಯನ್ನು ನಿಜವಾಗಿ ಕೆಡಿಸುವುದು ನಮ್ಮ ಸೀಟಿನ ಎತ್ತರ. ನಿಂತಾಗ ಎರಡೂ ಕಾಲು ನೆಲಕ್ಕೆ ತಾಗಲೆಂದು ಸೀಟು ತಗ್ಗಿಸುತ್ತೇವೆ. ಪೈಡಲ್ ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು, ಅದೇ ಸರಿಯಾದ ಎತ್ತರ. ಒಂದು ಪಾನಾ ಸಾಕು ಅದಕ್ಕೆ. ಸೀಟು ತಗ್ಗಿನಲ್ಲೇ ಇದ್ದರೆ ಲಕ್ಷದ ಸೈಕಲ್ಲೂ ಮಂಡಿ ತಿನ್ನುತ್ತದೆ. ಹೆಲ್ಮೆಟ್, ಹಿಂದಿನ ಕೆಂಪು ದೀಪ, ಹೊಳೆಯುವ ಪಟ್ಟಿ ಇವು ಬೇಕೇಬೇಕು; ಇವಕ್ಕೆ ಸಾಲ ಮಾಡಬೇಕಾಗಿಲ್ಲ.

ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಲಘುವಾಗಿ ಕಾಣುವವನಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕಿಲ್ಲ. ಆದರೆ ದುಬಾರಿ ಸೈಕಲ್ ಆ ಪ್ರಶ್ನೆಗೆ ಉತ್ತರವೇ? ಅದು ಭಯವನ್ನು ಹೆಚ್ಚಿಸುತ್ತದೆ. ಕಳವಾದೀತೆಂದು ಸೈಕಲ್ಲಿಗೊಂದು ಕಾವಲು ಬೇಕಾಗುತ್ತದೆ. ಬೆಳಕಿರುವಾಗಲೇ ಮುಟ್ಟುವ ವಸ್ತಿ, ಮುಂಚಿತವಾಗಿ ಮಾತಾಡಿಟ್ಟ ಹಾಸ್ಟೆಲ್ ಅಥವಾ ಮಠ, ಜೊತೆಗೊಬ್ಬರು, ದಿನಾ ಸಂಜೆ ಮನೆಗೊಂದು ಫೋನು: ಉತ್ತರ ಇರುವುದು ಇಲ್ಲಿ. ಎಲ್ಲವೂ ಮತ್ತೆ ಲೆಕ್ಕದ ಬಾಬ್ತುಗಳೇ.

ಮೂರನೆಯವರು, ಇದು ಕ್ರೀಡೆ, ಇದಕ್ಕೆ ಶಿಸ್ತು ಬೇಕು ಎನ್ನುತ್ತಾರೆ. ಗಡಿಯಾರದ ವಿರುದ್ಧ ಓಡುವ ಕ್ರೀಡೆ ಇದೆ, ಅದರ ಮೇಲೆ ನನಗೆ ಗೌರವವಿದೆ. ಬ್ರೆವೆ ಎಂಬ ದೂರ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ ನಲವತ್ತು ಗಂಟೆಯ ಗಡುವು ಇರುತ್ತದೆ. ನಿದ್ದೆಗೆಟ್ಟು ರಾತ್ರಿ ತುಳಿಯುವವರಿಗೆ ಒಳ್ಳೆಯ ಲೈಟು, ಹಗುರ ಗಾಡಿ ಬೇಕು, ಒಪ್ಪೋಣ. ತಪ್ಪಾಗುವುದು ಆ ಕೆಲವರ ಅಗತ್ಯವನ್ನು ಎಲ್ಲ ಪ್ರಯಾಣಿಕರ ಅರ್ಹತೆಯಾಗಿ ಮಾಡಿದಾಗ.

ಈ ಅರ್ಹತೆಯಿಂದ ಯಾರು ಹೊರಬಿದ್ದರು ನೋಡಿ. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಹುಡುಗಿಯರು ದಿನಾ ನಾಲ್ಕಾರು ಕಿ.ಮೀ. ತುಳಿದು ಹೈಸ್ಕೂಲಿಗೆ ಬಂದರು. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತಿತು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ. ಸಾಮಾನ್ಯರ ಸೈಕಲ್ ಹೀಗೆ ಅಂಗಳದಿಂದ ಸರಿಯುತ್ತಿರುವಾಗಲೇ ಸೈಕಲ್ ಎಂಬುದು ಭಾನುವಾರ ಬೆಳಗಿನ ಸಿರಿವಂತರ ಹವ್ಯಾಸವಾಗಿ ಮೇಲೆದ್ದಿತು. ನಮ್ಮೂರ ಹುಮನಾಬಾದ್ ಬೇಸಿನಲ್ಲಿ ಕರಣೆ, ಗುಂಡು ಕಟ್ಟಿಕೊಂಡು ಕೆಲಸಕ್ಕೆ ಕಾದು ನಿಲ್ಲುವ ಗೌಂಡಿ ವರ್ಷಕ್ಕೆ ಸಾವಿರಾರು ಕಿ.ಮೀ. ತುಳಿಯುತ್ತಾನೆ, ಅವನನ್ನು ಯಾರೂ ಸೈಕ್ಲಿಸ್ಟ್ ಎಂದು ಕರೆಯುವುದಿಲ್ಲ. ಹಿಂದೆ ಕಾರು ಇಟ್ಟುಕೊಂಡು, ಪರಿಸರ ಉಳಿಸಿ ಎಂಬ ಬ್ಯಾನರ್ ಕಟ್ಟಿಕೊಂಡು ಹೋಗುವವನು ಸೈಕ್ಲಿಸ್ಟ್. ಡೀಸೆಲ್ ಹೊಗೆಯ ಬೆಂಗಾವಲಿನಲ್ಲಿ ಪರಿಸರ ಜಾಗೃತಿ!

ಹಾಗಾಗಿ ನನ್ನ ತಕರಾರು ಶ್ರೀಮಂತರ ಸೈಕಲ್ಲುಗಳ ಮೇಲಲ್ಲ, ಕೊಳ್ಳಲಿ, ತುಳಿಯಲಿ. ದೂರ ಹೋಗುವ ಹಕ್ಕಿಗೆ ಅವರು ಕಟ್ಟಿದ ಸುಂಕದ ಕಟ್ಟೆಯ ಮೇಲೆ ನನ್ನ ತಕರಾರು. ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗಗಳು, ಎನ್ನೆಸ್ಸೆಸ್ ಘಟಕಗಳು, ಊರಿನ ಸೈಕಲ್ ಬಳಗಗಳು ಈ ಕಟ್ಟೆಯನ್ನು ಕೆಡವಬಹುದು. ಹೊರಡುತ್ತೇನೆ ಎಂದು ಬಂದ ಹುಡುಗ ಹುಡುಗಿಗೆ ಯಾವ ಸೈಕಲ್ ಇದೆ ಎಂದು ಕೇಳುವುದನ್ನು ನಿಲ್ಲಿಸಲಿ. ಖೂಬಾ ಪ್ಲಾಟಿನಿಂದ ಕಮಲಾಪುರಕ್ಕೆ ಹೋಗಿ ಬಂದರೆ ಎಪ್ಪತ್ತು ಕಿ.ಮೀ. ಆಸುಪಾಸು, ದೂರದ ಪ್ರಯಾಣದ ಸರಿಯಾದ ಒಂದು ದಿನ. ಕಟ್ಟಬೇಕಾದ ಸಾಮಾನನ್ನೆಲ್ಲ ಕ್ಯಾರಿಯರಿಗೆ ಕಟ್ಟಿಕೊಂಡು ಇಂದು ಹೋಗಿ ಬಾ, ನಾಳೆ ಮತ್ತೆ ಹೋಗಿ ಬಾ ಎನ್ನಲಿ. ದಾರಿಯಲ್ಲಿ ಒಂದು ಪಂಚರನ್ನು ಸಲೂಷನ್, ಉಜ್ಜುವ ಕಾಗದ, ಹಳೇ ಟ್ಯೂಬಿನ ತುಂಡು ಇಟ್ಟುಕೊಂಡು ತಾನೇ ತೆಗೆಯಲಿ. ಎರಡನೆಯ ಸಂಜೆ ಮೂರು ಪ್ರಶ್ನೆ ಕೇಳಲಿ: ಯಾವ ತಿಂಗಳು, ಯಾವ ದಿಕ್ಕು, ಯಾವ ಊರಲ್ಲಿ ವಸ್ತಿ? ಮೂರಕ್ಕೂ ಉತ್ತರ ಇದ್ದವರಿಗೆ ಮನೆಯ ಸೈಕಲ್ಲೇ ಸಾಕು. ಉತ್ತರ ಇಲ್ಲದವರಿಗೆ ಯಾವ ಅಂಗಡಿಯ ಸೈಕಲ್ಲೂ ಸಾಲದು.